ಬೆಳೆಗಾರನ ನಿವೃತ್ತಿ: ಲೆಕ್ಕ ಮೊದಲು, ಬಿಡುವು ಆಮೇಲೆ



ಸರ್ಕಾರಿ ನೌಕರನಿಗೆ ಕೆಲಸದಿಂದ ಬಿಡುಗಡೆಯಾಗುವ ದಿನ ಮೊದಲೇ ಗೊತ್ತಿರುತ್ತದೆ. ಕಾಫಿ ಬೆಳೆಗಾರನಿಗೆ ಅಂಥ ದಿನವಿಲ್ಲ. ಮಂಡಿ ಸೋತ ದಿನ, ಮೆಣಸಿನ ಏಣಿ ಹತ್ತಲಾಗದ ದಿನ, ಇಲ್ಲವೆ ಬೆಳಗಿನ ಮಂಜಿನಲ್ಲಿ ಆನೆ ಎದುರಾಗಿ ಜೀವ ಉಳಿದರೆ ಸಾಕೆನಿಸಿದ ದಿನ ಅವನಿಗೆ ನಿವೃತ್ತಿಯ ಯೋಚನೆ ಬರುತ್ತದೆ. ಆ ಹೊತ್ತಿಗೆ ಹಣ ಉಳಿಸುವ ಕಾಲ ಮೀರಿರುತ್ತದೆ.

ಆಲೂರು ತಾಲ್ಲೂಕಿನ ಕೆ. ಹೊಸಕೋಟೆ ಹೋಬಳಿಯಲ್ಲಿಯೂ ನೆರೆಯ ಸಕಲೇಶಪುರ ಸೀಮೆಯಲ್ಲಿಯೂ ಇಂದು ಎಷ್ಟೋ ಮನೆಗಳಲ್ಲಿ ಈ ಮಾತು ನಡೆದಿದೆ. ಮಕ್ಕಳು ಬೆಂಗಳೂರು ಸೇರಿದ್ದಾರೆ. ಕೂಲಿಯಾಳು ಸಿಗುವುದು ಕಷ್ಟ. ಆನೆಯ ಕಾಟಕ್ಕೆ ಬೇಸತ್ತು ತಗ್ಗಿನ ಗದ್ದೆಗಳನ್ನು ಪಾಳು ಬಿಟ್ಟವರಿದ್ದಾರೆ. ಐವತ್ತೈದಕ್ಕೆಲ್ಲ ತೋಟವನ್ನು ಯಾರಿಗಾದರೂ ವಹಿಸಿ ಕೈತೊಳೆದುಕೊಳ್ಳಬೇಕೆಂಬ ಆಸೆ ಹಲವರಿಗಿದೆ. ಆಸೆ ತಪ್ಪಲ್ಲ. ಆದರೆ ಅದು ಕೈಗೂಡುವುದು ಒಳ್ಳೆಯ ವರ್ಷದ ಹಣವನ್ನು ಏನು ಮಾಡಲಾಯಿತು ಎಂಬುದರ ಮೇಲೆ.

ಕಾಫಿ ಹಣದ ಗುಣ

1942ರ ಕಾಫಿ ಕಾಯಿದೆಯಡಿ ನಡೆಯುತ್ತಿದ್ದ ಪೂಲ್ ಪದ್ಧತಿಯಲ್ಲಿ ಬೆಳೆಗಾರನು ಕಾಫಿಯನ್ನು ಮಂಡಳಿಗೆ ಒಪ್ಪಿಸಿ ಹಣವನ್ನು ಕಂತುಗಳಲ್ಲಿ ಪಡೆಯುತ್ತಿದ್ದನು. ಕಂತು ತಡವಾಗುತ್ತದೆಂಬ ಬೇಸರ ಆಗ ಇತ್ತು. ಆದರೆ ಹಣವೆಲ್ಲ ಒಂದೇ ಸಲ ಬಂದು ಒಂದೇ ಸಲ ಕರಗುವ ಅಪಾಯ ಕಡಮೆಯಿತ್ತು. 1992ರಿಂದ ಹಂತ ಹಂತವಾಗಿ ಮುಕ್ತ ಮಾರಾಟಕ್ಕೆ ಅವಕಾಶವಾಗಿ, 1996ರಲ್ಲಿ ಎಲ್ಲ ಬೆಳೆಗಾರರಿಗೂ ಪೂರ್ಣ ಸ್ವಾತಂತ್ರ್ಯ ದೊರೆಯಿತು. ಅಂದಿನಿಂದ ಬೆಲೆಯ ಲಾಭವೂ ಬೆಳೆಗಾರನದೇ, ಏರಿಳಿತದ ಹೊರೆಯೂ ಅವನದೇ.

ಆ ಏರಿಳಿತ ಸಣ್ಣದಲ್ಲ. 1994ರಲ್ಲಿ ಬ್ರೆಜಿಲ್ ದೇಶದ ತೋಟಗಳು ಹಿಮಕ್ಕೆ ಸುಟ್ಟಾಗ ಇಲ್ಲಿ ಬೆಲೆ ಏರಿತು. 2000ದ ನಂತರ ಕೆಲವು ವರ್ಷ ಬೆಲೆ ಕುಸಿದು ಸಾಲ ಬೆಳೆಯಿತು. ಕೊನೆಗೆ 2010ರಲ್ಲಿ ಕೇಂದ್ರ ಸರ್ಕಾರ ಸಣ್ಣ ಬೆಳೆಗಾರರಿಗಾಗಿ ಸಾಲ ಪರಿಹಾರ ಯೋಜನೆಯನ್ನೇ ತರಬೇಕಾಯಿತು. 2018 ಮತ್ತು 2019ರ ಆಗಸ್ಟ್ ಮಳೆ ಮಲೆನಾಡಿನ ತೋಟಗಳಿಗೆ ಹಾನಿ ಮಾಡಿತು. 2024-25ರ ಹಂಗಾಮಿನಲ್ಲಿ ರೊಬಸ್ಟಾ ಬೆಲೆ ಹಿಂದೆಂದೂ ಕಾಣದ ಮಟ್ಟ ಮುಟ್ಟಿತು. ಆದ್ದರಿಂದ ಒಂದು ಒಳ್ಳೆಯ ವರ್ಷದ ಆದಾಯವನ್ನು ಪ್ರತಿ ವರ್ಷದ ಆದಾಯವೆಂದು ಭಾವಿಸಿ ನಿವೃತ್ತಿಯ ಲೆಕ್ಕ ಹಾಕುವುದು ದೊಡ್ಡ ತಪ್ಪು.

ಒಂದು ಮನೆಯ ಲೆಕ್ಕ

ಉದಾಹರಣೆಗಾಗಿ ಐದು ಎಕರೆ ರೊಬಸ್ಟಾ, ಮರಗಳಿಗೆ ಹಬ್ಬಿಸಿದ ಕಾಳುಮೆಣಸು ಇರುವ ಒಂದು ಮನೆಯನ್ನು ತೆಗೆದುಕೊಳ್ಳಬಹುದು. ಯಜಮಾನನ ವಯಸ್ಸು 43. ಗೊಬ್ಬರ, ಕೂಲಿ, ಮರಗಸಿ, ಸಾಲದ ಬಡ್ಡಿ ಎಲ್ಲ ಕಳೆದು ನಾಲ್ಕು ವರ್ಷಗಳಲ್ಲಿ ಕೈಗೆ ಉಳಿದದ್ದು ಕ್ರಮವಾಗಿ 9 ಲಕ್ಷ, 4 ಲಕ್ಷ, 3 ಲಕ್ಷ ಮತ್ತು 8 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಒಟ್ಟು 24 ಲಕ್ಷ, ಸರಾಸರಿ 6 ಲಕ್ಷ. ಮನೆಯ ಖರ್ಚು ತಿಂಗಳಿಗೆ 25,000, ಅಂದರೆ ವರ್ಷಕ್ಕೆ 3 ಲಕ್ಷ. ಸರಾಸರಿ ಉಳಿತಾಯ ವರ್ಷಕ್ಕೆ 3 ಲಕ್ಷ.

ಮೂರನೆಯ ವರ್ಷ ಈ ಮನೆಯಲ್ಲಿ ಒಂದು ರೂಪಾಯಿಯೂ ಉಳಿದಿಲ್ಲ ಎಂಬುದನ್ನು ಗಮನಿಸಬೇಕು. ನಾಲ್ಕು ವರ್ಷಗಳ 12 ಲಕ್ಷ ಉಳಿತಾಯದಲ್ಲಿ 11 ಲಕ್ಷ ಬಂದದ್ದು ಎರಡೇ ವರ್ಷಗಳಿಂದ. ಆ ಎರಡು ವರ್ಷಗಳ ಹಣ ಹೊಸ ಜೀಪಿಗೋ ಮನೆಯ ಮಾಳಿಗೆಗೋ ಹೋದರೆ ನಿವೃತ್ತಿಯ ಹಣವೇ ಹೋದಂತೆ.

ಇನ್ನು ಬೇಕಾಗುವ ಹಣ ಎಷ್ಟು? ಕೆಲಸ ಬಿಟ್ಟ ಮೇಲೆ ಮನೆಖರ್ಚಿನ ಅರ್ಧ ತೋಟದ ಪಾಲಿನಿಂದ ಬರುವುದೆಂದೂ, ಉಳಿದ ಅರ್ಧ, ವರ್ಷಕ್ಕೆ ಒಂದೂವರೆ ಲಕ್ಷ, ಉಳಿತಾಯದಿಂದ ಬರಬೇಕೆಂದೂ ತಿಳಿಯೋಣ. 85 ವರ್ಷದವರೆಗೆ ಲೆಕ್ಕ ಹಾಕುವುದು ಕ್ಷೇಮ. ಬೆಲೆಗಳು ವರ್ಷಕ್ಕೆ ಶೇಕಡ 6ರಂತೆ ಏರಿದರೆ 12 ವರ್ಷಗಳಲ್ಲಿ ಖರ್ಚು ಇಮ್ಮಡಿಯಾಗುತ್ತದೆ. ಆದ್ದರಿಂದ ಠೇವಣಿಯ ಬಡ್ಡಿ ಬೆಲೆಯೇರಿಕೆಗೆ ಸರಿಹೋಗುತ್ತದೆಂದು ಭಾವಿಸಿ, ಎಲ್ಲವನ್ನೂ ಇಂದಿನ ರೂಪಾಯಿಯಲ್ಲೇ ಲೆಕ್ಕ ಹಾಕಿದರೆ ಹೀಗಾಗುತ್ತದೆ:

55ಕ್ಕೆ ಬಿಟ್ಟರೆ 30 ವರ್ಷಕ್ಕೆ 45 ಲಕ್ಷ ಬೇಕು. ಕೂಡಿಸಲು 12 ವರ್ಷ ಇದೆ. ವರ್ಷಕ್ಕೆ 3 ಲಕ್ಷ 75 ಸಾವಿರ ಉಳಿಸಬೇಕು.

57ಕ್ಕೆ ಬಿಟ್ಟರೆ 28 ವರ್ಷಕ್ಕೆ 42 ಲಕ್ಷ ಬೇಕು. ಕೂಡಿಸಲು 14 ವರ್ಷ ಇದೆ. ವರ್ಷಕ್ಕೆ 3 ಲಕ್ಷ ಉಳಿಸಬೇಕು.

60ಕ್ಕೆ ಬಿಟ್ಟರೆ 25 ವರ್ಷಕ್ಕೆ 37 ಲಕ್ಷ 50 ಸಾವಿರ ಬೇಕು. ಕೂಡಿಸಲು 17 ವರ್ಷ ಇದೆ. ವರ್ಷಕ್ಕೆ ಸುಮಾರು 2 ಲಕ್ಷ 20 ಸಾವಿರ ಸಾಕು.

ಈ ಮನೆಗೆ 55 ಎಟುಕದು, 57 ಎಟುಕುತ್ತದೆ. ಕೇವಲ ಎರಡು ವರ್ಷ ಮುಂದೆ ಹಾಕಿದರೆ ವರ್ಷಕ್ಕೆ 75 ಸಾವಿರದ ಹೊರೆ ಇಳಿಯುತ್ತದೆ. ಆದರೆ ಮಗಳ ಮದುವೆ, ಮಗನ ಓದು, ಹಳೆಯ ಗಿಡ ಕಿತ್ತು ಹೊಸ ಗಿಡ ಹಾಕುವ ಖರ್ಚು ಇದರಲ್ಲಿ ಸೇರಿಲ್ಲ. 9 ಲಕ್ಷದ ಮದುವೆಯೆಂದರೆ ಈ ಮನೆಯ ಮೂರು ವರ್ಷಗಳ ಉಳಿತಾಯ. ಮದುವೆ ನಿಲ್ಲಿಸಬೇಕೆಂದಲ್ಲ. ಅದರ ಬೆಲೆಯನ್ನು ದುಡಿಮೆಯ ವರ್ಷಗಳಲ್ಲಿ ಅಳೆದು, ಗಂಡ ಹೆಂಡತಿ ಕೂಡಿ ತೀರ್ಮಾನಿಸಬೇಕು.

ವರ್ಷದ ಆಯವ್ಯಯ

ಹಣ ಬರುವುದು ಕೊಯ್ಲಿನ ನಂತರ, ಹೆಚ್ಚಾಗಿ ಜನವರಿಯಿಂದ ಏಪ್ರಿಲ್‌ವರೆಗೆ. ಜೂನ್‌ನಲ್ಲಿ ಶಾಲೆಯ ಶುಲ್ಕ, ಮಳೆಗಾಲದ ದಿನಸಿ, ಮಳೆ ಬಿಡುವು ಕೊಟ್ಟಾಗ ಗೊಬ್ಬರ, ಕೂಲಿ ಬಟವಾಡೆ. ಕೈ ಬರಿದಾದಾಗ ವ್ಯಾಪಾರಿಯಿಂದ ಮುಂಗಡ ಪಡೆಯುವುದು ರೂಢಿ. ಮುಂಗಡ ಪಡೆದವನು ಬೆಲೆ ನೋಡಿ ಮಾರುವ ಸ್ವಾತಂತ್ರ್ಯವನ್ನೂ ಅಷ್ಟರಮಟ್ಟಿಗೆ ಕಳೆದುಕೊಳ್ಳುತ್ತಾನೆ. ಇದನ್ನು ತಪ್ಪಿಸಲು ಕೆಳಗಿನ ಕ್ರಮ ಅನುಕೂಲ.

1. ಹಣ ಬಂದ ವಾರದಲ್ಲೇ ಮುಂದಿನ ಕೊಯ್ಲಿನವರೆಗಿನ ತೋಟದ ಖರ್ಚು ಮತ್ತು ಮನೆಯ ಖರ್ಚನ್ನು ಬೇರೆ ಬೇರೆ ಖಾತೆಗಳಲ್ಲಿ ಇಡುವುದು. ಮನೆಯ ಖಾತೆಯಿಂದ ತಿಂಗಳಿಗೆ ಗೊತ್ತು ಮಾಡಿದಷ್ಟನ್ನೇ ತೆಗೆಯುವುದು.

2. ಕೆಟ್ಟ ವರ್ಷಕ್ಕಾಗಿ ಒಂದು ವರ್ಷದ ಮನೆಖರ್ಚನ್ನು ಠೇವಣಿಯಾಗಿ ಸದಾ ಇಟ್ಟಿರುವುದು.

3. ಸರಾಸರಿಗಿಂತ ಹೆಚ್ಚು ಬಂದದ್ದರಲ್ಲಿ ಮೊದಲು ಕೈಸಾಲ ಮತ್ತು ಹೆಚ್ಚಿನ ಬಡ್ಡಿಯ ಸಾಲ ತೀರಿಸುವುದು. ಮಿಕ್ಕದ್ದು ನಿವೃತ್ತಿಯ ಖಾತೆಗೆ.

4. ಆನೆ ತುಳಿದ ಬೆಳೆಗೆ ಬರುವ ಪರಿಹಾರವನ್ನು ಆದಾಯವೆಂದು ಎಣಿಸದಿರುವುದು.

ಹಣ ಎಲ್ಲಿಡಬೇಕು?

ಬ್ಯಾಂಕ್ ಠೇವಣಿಗೆ 2020ರ ಫೆಬ್ರುವರಿಯಲ್ಲಿ 5 ಲಕ್ಷ ರೂಪಾಯಿವರೆಗೆ ವಿಮೆಯ ರಕ್ಷಣೆ ಜಾರಿಗೆ ಬಂತು. ಸಹಕಾರಿ ಬ್ಯಾಂಕುಗಳಿಗೂ ಅದು ಅನ್ವಯಿಸುತ್ತದೆ. ಆದರೆ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೂ ಸೌಹಾರ್ದ ಪತ್ತಿನ ಸಂಘಗಳಿಗೂ ಈ ವಿಮೆಯಿಲ್ಲ. ಹೆಚ್ಚಿನ ಬಡ್ಡಿಯ ಆಸೆಗೆ ಜೀವಮಾನದ ಗಳಿಕೆಯನ್ನು ಒಂದೇ ಕಡೆ ಇಡಬಾರದು.

ಸಾರ್ವಜನಿಕ ಭವಿಷ್ಯ ನಿಧಿಯ ಅವಧಿ 15 ವರ್ಷ. ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಕಟ್ಟಬಹುದು. ಗಂಡ ಹೆಂಡತಿ ಬೇರೆ ಬೇರೆ ಖಾತೆ ತೆರೆಯಬಹುದು. ನಲವತ್ತರ ಆಸುಪಾಸಿನಲ್ಲಿ ತೆರೆದ ಖಾತೆ ಐವತ್ತೈದು ದಾಟಿದೊಡನೆ ಕೈಗೆ ಬರುವುದರಿಂದ ಬೇಗ ಬಿಡುವು ಬಯಸುವವರಿಗೆ ಇದು ಹೊಂದುತ್ತದೆ. ಹಿರಿಯ ನಾಗರಿಕರ ಉಳಿತಾಯ ಯೋಜನೆ ಬೆಳೆಗಾರನಿಗೆ ತೆರೆಯುವುದು 60 ತುಂಬಿದ ಮೇಲೆಯೇ. 2023ರಲ್ಲಿ ಅದರ ಮಿತಿ 30 ಲಕ್ಷಕ್ಕೆ ಏರಿತು. ಅದೇ ವರ್ಷ ಅಂಚೆ ಮಾಸಿಕ ಆದಾಯ ಯೋಜನೆಯ ಮಿತಿ ಒಬ್ಬರಿಗೆ 9 ಲಕ್ಷ, ಜಂಟಿ ಖಾತೆಗೆ 15 ಲಕ್ಷವಾಯಿತು. 60 ತುಂಬುವ ಮುಂಚಿನ ವರ್ಷಗಳಿಗೆ ಇದು ನೆರವಾಗುತ್ತದೆ. ಬಡ್ಡಿದರವನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸಲಾಗುವುದರಿಂದ ಅಂಚೆ ಕಚೇರಿಯಲ್ಲಿ ವಿಚಾರಿಸಿಯೇ ಹಣ ತೊಡಗಿಸಬೇಕು.

ತೋಟ ವಹಿಸುವಾಗ

ತೋಟವನ್ನು ಮಗನಿಗಾಗಲಿ ಬೇರೆಯವರಿಗಾಗಲಿ ವಹಿಸುವಾಗ ಗೊಬ್ಬರ, ಮರಗಸಿ, ಬೋರ್ಡೋ ಸಿಂಪರಣೆ, ಸತ್ತ ಗಿಡದ ಜಾಗಕ್ಕೆ ಹೊಸ ಗಿಡ, ಇವು ಯಾರ ಹೊಣೆ ಎಂಬುದನ್ನು ಬರೆದಿಡಬೇಕು. ಫಸಲನ್ನು ಮಾತ್ರ ಒಯ್ದು ಗಿಡವನ್ನು ಮರೆತರೆ ನಾಲ್ಕಾರು ವರ್ಷಗಳಲ್ಲಿ ತೋಟ ಸೊರಗಿ, ನಂಬಿದ ಅರ್ಧ ಖರ್ಚೂ ನಿಲ್ಲುತ್ತದೆ. ಗದ್ದೆಯನ್ನು ಗೇಣಿಗೆ ಕೊಡುವುದಕ್ಕೆ ಭೂಸುಧಾರಣಾ ಕಾಯಿದೆಯ ನಿರ್ಬಂಧಗಳಿವೆ. ಕರಾರು ಮಾಡುವ ಮುನ್ನ ವಕೀಲರನ್ನು ಕೇಳುವುದು ಲೇಸು.

ಇನ್ನೊಂದು ಎಚ್ಚರ. ಪಹಣಿಯನ್ನು ಆತುರದಿಂದ ಮಕ್ಕಳ ಹೆಸರಿಗೆ ಬರೆದುಕೊಡಬಾರದು. 2007ರ ತಂದೆ ತಾಯಿ ಹಾಗೂ ಹಿರಿಯ ನಾಗರಿಕರ ಪೋಷಣೆ ಕಾಯಿದೆಯ 23ನೆಯ ಕಲಮಿನ ಪ್ರಕಾರ, ಪೋಷಿಸಬೇಕೆಂಬ ಷರತ್ತಿನ ಮೇಲೆ ಆಸ್ತಿ ಪಡೆದವರು ನೋಡಿಕೊಳ್ಳದಿದ್ದರೆ ಆ ದಾನಪತ್ರವನ್ನು ರದ್ದುಪಡಿಸಲು ಕೋರಬಹುದು. ಆದರೆ ಈ ಕಲಮು ಹಿರಿಯ ನಾಗರಿಕರಿಗಾಗಿ, ಅಂದರೆ 60 ತುಂಬಿದವರಿಗಾಗಿ, ಇರುವುದು. ಐವತ್ತೈದರಲ್ಲೇ ಎಲ್ಲವನ್ನೂ ಬರೆದುಕೊಟ್ಟವನು ಈ ರಕ್ಷಣೆಯನ್ನು ನೆಚ್ಚಿಕೊಳ್ಳುವಂತಿಲ್ಲ. ದುಡಿಮೆ ಬಿಡಬಹುದು, ಒಡೆತನವನ್ನು ಕೂಡಲೇ ಬಿಡಬೇಕಾಗಿಲ್ಲ. ಮುಂದೆ ಬರೆದುಕೊಡುವಾಗಲೂ ಪೋಷಣೆಯ ಷರತ್ತು ಪತ್ರದಲ್ಲಿ ಸ್ಪಷ್ಟವಾಗಿ ಇರಬೇಕು. ಮನೆಯೊಡತಿಯ ವಾಸಕ್ಕೂ ಜೀವನಾಂಶಕ್ಕೂ ಅದರಲ್ಲಿ ಏರ್ಪಾಡಿರಬೇಕು.

ರೈತ ಬಾಂಧವರೇ, ಹೂಮಳೆ ತಪ್ಪಿದ ವರ್ಷ ತುಂತುರು ನೀರಾವರಿಗೆಂದು ಕೆರೆಯಲ್ಲಿ ನೀರು ಕಾದಿಡುವ ಬೆಳೆಗಾರನಿಗೆ ಉಳಿತಾಯದ ಪಾಠ ಹೊಸದಲ್ಲ. ಮಳೆಗಾಲದಲ್ಲಿ ಕೆರೆಯ ತೂಬು ಮುಚ್ಚಿದವನಿಗೆ ಮಾತ್ರ ಫೆಬ್ರುವರಿಯಲ್ಲಿ ನೀರಿರುತ್ತದೆ. ಈ ಸಲದ ಕಾಫಿ ಹಣ ಬಂದೊಡನೆ ಹಿಂದಿನ ನಾಲ್ಕು ವರ್ಷಗಳ ಲೆಕ್ಕ ಬರೆದು, ಸರಾಸರಿ ತೆಗೆದು, ತನಗೆ ಎಟುಕುವ ವಯಸ್ಸು ಯಾವುದೆಂದು ಪ್ರತಿ ಮನೆಯೂ ಕಂಡುಕೊಳ್ಳಲಿ.