ಕೀಳುವವರಿದ್ದಾರೆ, ನೆಡುವವರು ಬೇಕು

ಗಸಗಸೆ ಗಿಡದ ಹಸಿರು ಕಾಯಿಗೆ ಇಳಿಹೊತ್ತಿನಲ್ಲಿ ಸಣ್ಣ ಅಲಗಿನಿಂದ ಗೀರು ಹಾಕುತ್ತಾರೆ. ರಾತ್ರಿಯೆಲ್ಲ ಹಾಲು ಒಸರಿ, ಬೆಳಗಾಗುವಷ್ಟರಲ್ಲಿ ಕಂದುಬಣ್ಣಕ್ಕೆ ತಿರುಗಿ ಅಂಟಾಗಿರುತ್ತದೆ. ಬಿಸಿಲೇರುವ ಮುನ್ನ ಅದನ್ನು ಹೆರೆದು ಉಂಡೆ ಕಟ್ಟಿದರೆ ಅದೇ ಅಫೀಮು. ಮ್ಯಾನ್ಮಾರಿನ ಶಾನ್ ಬೆಟ್ಟಗಳಲ್ಲಿ ಈ ಕೆಲಸ ಮಾಡುವವರು ಮನೆಮಂದಿಯೆಲ್ಲ ಸೇರಿ ದುಡಿದರೂ ವರ್ಷಪೂರ್ತಿ ಉಣ್ಣಲು ಸಾಲದ ಬಡ ರೈತರು. ಅಫೀಮಿನ ಉಂಡೆ ಬೇಗ ಕೆಡುವುದಿಲ್ಲ, ಅದನ್ನು ಸಾಗಿಸಲು ಲಾರಿ ಬೇಡ, ಟಾರು ರಸ್ತೆ ಬೇಡ. ಕೊಳ್ಳುವವನು ಮನೆಬಾಗಿಲಿಗೇ ಬರುತ್ತಾನೆ. ಎಷ್ಟೋ ಸಲ ಬಿತ್ತನೆಗೂ ಮೊದಲೇ ಮುಂಗಡ ಎಣಿಸುತ್ತಾನೆ. ಅದೇ ರೈತ ತರಕಾರಿ ಬೆಳೆದರೆ, ಕೊರಕಲು ದಾರಿಯಲ್ಲಿ ಪೇಟೆ ಮುಟ್ಟುವ ಹೊತ್ತಿಗೆ ಅರ್ಧ ಬಾಡಿರುತ್ತದೆ.

ಗೆಳೆಯರೇ, ಮಾದಕ ಬೆಳೆಯ ಸಮಸ್ಯೆಯನ್ನು ಅರಿಯಬೇಕಾದರೆ ಮೊದಲು ಈ ರೈತನ ಲೆಕ್ಕವನ್ನು ಅರಿಯಬೇಕು. ಅವನಿಗೆ ಬೇರೆ ಬೆಳೆ ಬೇಡವೆಂದಲ್ಲ. ಬೇರೆ ಬೆಳೆಗೆ ಬೇಕಾದ ಸಸಿ, ಸಾಲ, ರಸ್ತೆ, ನಂಬಿಕಸ್ಥ ಖರೀದಿದಾರ, ಇವ್ಯಾವುವೂ ಅವನ ಬೆಟ್ಟ ಹತ್ತಿಲ್ಲ. ಇವನ್ನು ಅಲ್ಲಿಗೆ ತಲುಪಿಸಿ, ಮಾದಕ ಬೆಳೆಯಿಲ್ಲದೆಯೂ ಮರ್ಯಾದೆಯಿಂದ ಬಾಳುವಂತೆ ಮಾಡುವುದಕ್ಕೆ ‘ಪರ್ಯಾಯ ಅಭಿವೃದ್ಧಿ’ ಎನ್ನುತ್ತಾರೆ. ಇದು ನಿಮ್ಮ ತಲೆಮಾರು ಕೈಹಾಕಬೇಕಾದ ಕೆಲಸ ಎಂದು ಮನಸಾರೆ ನಂಬಿ ಬರೆಯುತ್ತಿದ್ದೇನೆ.

ಕಿತ್ತುಹಾಕಿದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಅಫ್ಘಾನಿಸ್ತಾನವನ್ನು ನೋಡಿ. 2022ರ ಏಪ್ರಿಲ್‌ನಲ್ಲಿ ತಾಲಿಬಾನ್ ಆಡಳಿತ ಗಸಗಸೆ ಬೇಸಾಯವನ್ನು ನಿಷೇಧಿಸಿತು. ವಿಶ್ವಸಂಸ್ಥೆಯ ಸಮೀಕ್ಷೆಯ ಪ್ರಕಾರ ಆ ವರ್ಷ 2,33,000 ಹೆಕ್ಟೇರ್ ಇದ್ದ ಬೆಳೆ 2023ರಲ್ಲಿ 10,800 ಹೆಕ್ಟೇರಿಗೆ ಕುಸಿಯಿತು. ಅದರ ಜೊತೆಗೆ ರೈತರಿಗೆ ಅಫೀಮಿನಿಂದ ಬರುತ್ತಿದ್ದ ಆದಾಯದಲ್ಲಿ ಶೇ. 90ಕ್ಕೂ ಹೆಚ್ಚು ಮಾಯವಾಯಿತು. ಅದರ ಜಾಗ ತುಂಬಲು ಏನೂ ಸಿದ್ಧವಿರಲಿಲ್ಲ. ಅದೇ 2023ರಲ್ಲಿ, ಸೇನಾ ಕ್ಷಿಪ್ರಕ್ರಾಂತಿಯ ನಂತರ ಬದುಕು ಹದಗೆಟ್ಟಿದ್ದ ಮ್ಯಾನ್ಮಾರ್ 47,100 ಹೆಕ್ಟೇರ್ ಗಸಗಸೆ ಬೆಳೆದು ಅಫೀಮು ಉತ್ಪಾದನೆಯಲ್ಲಿ ಜಗತ್ತಿಗೇ ಮೊದಲಿನದಾಯಿತು. ಒಂದು ದೇಶ ತನ್ನ ಗಡಿಯೊಳಗೆ ಎಷ್ಟೇ ಕಿತ್ತರೂ ಕೊಳ್ಳುವವನ ಹಸಿವು ಸಾಯುವುದಿಲ್ಲ. ಅದು ಇನ್ನೊಂದು ಬೆಟ್ಟವನ್ನು, ಇನ್ನೊಬ್ಬ ಬಡವನನ್ನು ಹುಡುಕಿಕೊಳ್ಳುತ್ತದೆ.

ಹಾಗಾದರೆ ಗೆದ್ದವರು ಯಾರೂ ಇಲ್ಲವೇ? ಇದ್ದಾರೆ. ಥಾಯ್ಲೆಂಡಿನಲ್ಲಿ 1959ರಲ್ಲೇ ಅಫೀಮು ಕಾನೂನುಬಾಹಿರವಾಗಿತ್ತು. ಆದರೆ ಉತ್ತರದ ಬೆಟ್ಟಗಳಲ್ಲಿ ಬೆಳೆ ನಿಲ್ಲಲಿಲ್ಲ. ದೊರೆ ಭೂಮಿಬೋಲ್ ಚಿಯಾಂಗ್ ಮಾಯ್ ಸಮೀಪದ ಹ್ಮಾಂಗ್ ಬುಡಕಟ್ಟಿನ ಹಳ್ಳಿಯೊಂದಕ್ಕೆ ಹೋದಾಗ, ಅಲ್ಲಿನವರು ಅಫೀಮಿನಷ್ಟೇ ಹಣವನ್ನು ನಾಡತಳಿಯ ಪೀಚ್ ಹಣ್ಣಿನಿಂದಲೂ ಗಳಿಸುತ್ತಿದ್ದುದು ತಿಳಿಯಿತು. ಒಳ್ಳೆಯ ತಳಿ ಸಿಕ್ಕರೆ ಇನ್ನೂ ಹೆಚ್ಚು ಗಳಿಸಬಹುದಲ್ಲವೇ? 1969ರಲ್ಲಿ ‘ರಾಯಲ್ ಪ್ರಾಜೆಕ್ಟ್’ ಆರಂಭವಾಯಿತು. ವಿಶ್ವವಿದ್ಯಾಲಯದ ಕೃಷಿ ವಿಜ್ಞಾನಿಗಳು ಬೆಟ್ಟ ಹತ್ತಿದರು. ಆಂಗ್‌ಖಾಂಗ್‌ನಲ್ಲಿ ಸಂಶೋಧನಾ ಕೇಂದ್ರ ತೆರೆದು ಯಾವ ಹಣ್ಣು, ಯಾವ ತರಕಾರಿ, ಯಾವ ಹೂ ಆ ಎತ್ತರದಲ್ಲಿ ಬರುತ್ತದೆಂದು ವರ್ಷಗಟ್ಟಲೆ ಪರೀಕ್ಷಿಸಿದರು. ಸರ್ಕಾರ ಗಸಗಸೆ ಹೊಲಗಳನ್ನು ನಾಶಪಡಿಸಲು ಹೊರಟಿದ್ದು 1984ರ ಹೊತ್ತಿಗೆ, ಅಂದರೆ ಸುಮಾರು ಹದಿನೈದು ವರ್ಷ ನೆಟ್ಟ ಮೇಲೆ. ಈ ಸಹನೆಯೇ ಥಾಯ್ಲೆಂಡಿನ ಗೆಲುವಿನ ಗುಟ್ಟು.

1988ರಲ್ಲಿ ಚಿಯಾಂಗ್ ರಾಯ್ ಪ್ರಾಂತ್ಯದ ದೋಯಿ ತುಂಗ್‌ನಲ್ಲಿ ಇನ್ನೊಂದು ಯೋಜನೆ ಶುರುವಾಯಿತು. ಅದಕ್ಕೆ ನಾಂದಿ ಹಾಡಿದ ರಾಜಮಾತೆ ಶ್ರೀನಗರಿಂದ್ರಾ ಅವರಿಗೆ ಆಗ 87ರ ಆಸುಪಾಸು. ಕಾಡು ಬೋಳಾಗಿ, 29 ಹಳ್ಳಿಗಳ ಸುಮಾರು 11,000 ಜನ ಅಫೀಮಿಗೆ ಜೋತುಬಿದ್ದಿದ್ದ ಪ್ರದೇಶ ಅದು. ಬಹಳ ಮಂದಿಗೆ ಪೌರತ್ವವೂ ಇರಲಿಲ್ಲ. ಅಲ್ಲಿ ಮೊದಲು ಬಂದಿದ್ದು ಔಷಧ, ನೀರು, ರಸ್ತೆ, ವ್ಯಸನಿಗಳಿಗೆ ಚಿಕಿತ್ಸೆ, ಕಾಡು ನೆಡುವ ದಿನಗೂಲಿ. ಅನಂತರ ಕಾಫಿ, ಮೆಕಡೇಮಿಯ. ಬೆಳೆದದ್ದನ್ನು ಅಲ್ಲೇ ಹುರಿದು, ಪೊಟ್ಟಣ ಕಟ್ಟಿ, ಊರಿನದೇ ಹೆಸರಿನಲ್ಲಿ ಮಾರಿದರು. ಕೂಲಿಗೆ ಬಂದವರು ಕ್ರಮೇಣ ಬೆಳೆಗಾರರಾದರು, ಅವರ ಮಕ್ಕಳು ಶಾಲೆ ಸೇರಿದರು. ಇಷ್ಟೆಲ್ಲಕ್ಕೂ ಯೋಜನೆ ಮೊದಲೇ ಹಾಕಿಕೊಂಡಿದ್ದ ಗಡುವು ಮೂವತ್ತು ವರ್ಷ!

ದೋಯಿ ತುಂಗ್ ತಾನು ಗೆದ್ದೆನೆಂದು ಬಾಗಿಲು ಹಾಕಿಕೊಳ್ಳಲಿಲ್ಲ. ಗಡಿಯಾಚೆ ಗಸಗಸೆ ಅರಳುತ್ತಿರುವವರೆಗೆ ಈಚೆಗೂ ನೆಮ್ಮದಿಯಿಲ್ಲ ಎಂಬುದು ಅದನ್ನು ನಡೆಸಿದವರಿಗೆ ಗೊತ್ತಿತ್ತು. 1993ರಲ್ಲಿ ಚೀನಾ, ಲಾವೋಸ್, ಮ್ಯಾನ್ಮಾರ್, ಥಾಯ್ಲೆಂಡ್ ವಿಶ್ವಸಂಸ್ಥೆಯ ಜೊತೆ ಮಾದಕವಸ್ತು ನಿಯಂತ್ರಣದ ಒಪ್ಪಂದ ಮಾಡಿಕೊಂಡವು. 1995ರಲ್ಲಿ ಕಾಂಬೋಡಿಯ, ವಿಯೆಟ್ನಾಂ ಕೂಡಿಕೊಂಡವು. 2002ರಲ್ಲಿ ದೋಯಿ ತುಂಗ್ ಯೋಜನೆಯನ್ನು ನಡೆಸುವ ಪ್ರತಿಷ್ಠಾನದವರು ಶಾನ್ ಪ್ರಾಂತ್ಯದ ಯೋಂಗ್ ಖಾಕ್ಕೆ ಹೋಗಿ ಅಲ್ಲಿನ ಹಳ್ಳಿಗಳಲ್ಲಿ ಕೆಲಸ ಮಾಡಿದರು. ದಕ್ಷಿಣ ಶಾನ್‌ನ ರೈತರು 2015ರಲ್ಲಿ ‘ಗ್ರೀನ್ ಗೋಲ್ಡ್’ ಎಂಬ ಸಹಕಾರ ಸಂಘ ಕಟ್ಟಿದರು; ಅವರ ಕಾಫಿಯನ್ನು ಫ್ರಾನ್ಸಿನ ಕಂಪನಿಯೊಂದು ಕೊಂಡಿತು.

ಎಡವಿದವರಿಂದಲೂ ಕಲಿಯೋಣ. ಲಾವೋಸ್ 2006ರಲ್ಲಿ ಅಫೀಮುಮುಕ್ತ ಎಂದು ಘೋಷಿಸಿಕೊಂಡಿತು. ಆದರೆ ಬೆಳೆ ಬಿಟ್ಟ ಎಲ್ಲ ರೈತರಿಗೂ ಬದಲಿ ಜೀವನೋಪಾಯ ಸಿಕ್ಕಿರಲಿಲ್ಲ, ಕೆಲವೇ ವರ್ಷಗಳಲ್ಲಿ ಗಸಗಸೆ ಮರಳಿ ಬಂತು. ಗಡಿಪ್ರದೇಶಗಳಲ್ಲಿ ಚೀನಾದ ಕಂಪನಿಗಳು ಬದಲಿ ಬೆಳೆಯ ಹೆಸರಿನಲ್ಲಿ ವಿಶಾಲ ರಬ್ಬರ್ ತೋಟ ಎಬ್ಬಿಸಿದವು. ಲಾಭ ಹೆಚ್ಚಾಗಿ ಕಂಪನಿಗಳಿಗೇ ಹೋಯಿತು, ಜಮೀನು ಕಳೆದುಕೊಂಡವರು ರೈತರು. 2011ರ ನಂತರ ರಬ್ಬರ್ ಬೆಲೆ ಬಿದ್ದಾಗ ಅವರ ಕೈಯಲ್ಲಿ ಏನೂ ಉಳಿಯಲಿಲ್ಲ. ಗಿಡ ಬದಲಾದರೆ ಸಾಲದು. ಆ ಗಿಡ ಯಾರದು, ಅದರ ಬೆಲೆ ಕಟ್ಟುವವರು ಯಾರು ಎಂಬುದೂ ಬದಲಾಗಬೇಕು.

ಇದೆಲ್ಲ ದೂರದ ಮಾತು ಎನ್ನಬೇಡಿ. ಮ್ಯಾನ್ಮಾರಿನೊಂದಿಗೆ ನಮ್ಮ ದೇಶದ ಗಡಿ 1,643 ಕಿಲೋಮೀಟರ್. ಮಣಿಪುರದ, ಅರುಣಾಚಲದ ಬೆಟ್ಟಗಳಲ್ಲೂ ಗಸಗಸೆಯನ್ನು ಕದ್ದುಮುಚ್ಚಿ ಬೆಳೆಯುತ್ತಾರೆ. ಇನ್ನೂ ಹತ್ತಿರ ಬನ್ನಿ. ಬೆಂಗಳೂರಿನಲ್ಲಿ ಪೊಲೀಸರು ಹಿಡಿಯುವ ಗಾಂಜಾದ ಜಾಡು ಮತ್ತೆ ಮತ್ತೆ ಆಂಧ್ರ–ಒಡಿಶಾ ಗಡಿಯ ಬೆಟ್ಟಗಳಿಗೆ ಹೋಗಿ ನಿಲ್ಲುತ್ತದೆ. ವಿಶಾಖಪಟ್ಟಣದ ಏಜೆನ್ಸಿ ಪ್ರದೇಶ, ಅಂದರೆ ಇಂದಿನ ಅಲ್ಲೂರಿ ಸೀತಾರಾಮರಾಜು ಜಿಲ್ಲೆ, ಅದರಾಚೆ ಕೋರಾಪುಟ್, ಮಲ್ಕಾನ್‌ಗಿರಿ. ಅಲ್ಲಿ ಬೆಳೆಯುವವರು ಬಹುಪಾಲು ಆದಿವಾಸಿಗಳು, ಬಂಡವಾಳ ಹಾಕುವವರು ಹೊರಗಿನ ದಳ್ಳಾಳಿಗಳು. ಮಾದಕವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯಡಿ 20 ಕಿಲೋ ಮೀರಿದ ಗಾಂಜಾ ಸಾಗಿಸಿದ ಅಪರಾಧಕ್ಕೆ ಕನಿಷ್ಠ 10 ವರ್ಷ ಸೆರೆ. ಸಿಕ್ಕಿಬೀಳುವವನು ಎಷ್ಟೋ ಸಲ ಮೂಟೆ ಹೊತ್ತ ಹುಡುಗ, ನಿಮ್ಮದೇ ವಯಸ್ಸಿನವನು. ನಗರದಲ್ಲಿ ಮೋಜಿಗಾಗಿ ಒಂದು ದಮ್ಮು ಎಳೆಯುವ ಗೆಳೆಯನಿಗೆ ಇದನ್ನು ಹೇಳಿ. ಅವನ ಮೋಜಿನ ಸಾಲವನ್ನು ಆ ಹುಡುಗ ಜೈಲಿನಲ್ಲಿ ತೀರಿಸುತ್ತಿದ್ದಾನೆ.

2021ರ ಕೊನೆಯಲ್ಲಿ ಆಂಧ್ರ ಪೊಲೀಸರು ಏಜೆನ್ಸಿಯಲ್ಲಿ ಸಾವಿರಾರು ಎಕರೆ ಗಾಂಜಾ ಕಿತ್ತರು. ಕಿತ್ತ ನೆಲದಲ್ಲಿ ಏನು ಬೆಳೆಯಬೇಕು? ಉತ್ತರ ಆ ಬೆಟ್ಟಗಳಲ್ಲೇ ಇದೆ, ಅದು ಕನ್ನಡಿಗರಿಗೆ ಚಿರಪರಿಚಿತವಾದ ಉತ್ತರ: ಕಾಫಿ. 2019ರಲ್ಲಿ ಅಲ್ಲಿನ ಅರಕು ಕಣಿವೆಯ ಅರೇಬಿಕಾಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಸಿಲ್ವರ್ ಓಕ್ ನೆರಳು, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ನಮ್ಮ ಮಲೆನಾಡಿನ ಹುಡುಗನಿಗೆ ಅಲ್ಲಿ ಕಣ್ಣು ಕಟ್ಟಿ ಬಿಟ್ಟರೂ ದಾರಿ ತಪ್ಪದು. ಚಿಕ್ಕಮಗಳೂರಿನ ಬಾಳೆಹೊನ್ನೂರಿನಲ್ಲಿ 1925ರಿಂದ ಇರುವ ಕಾಫಿ ಸಂಶೋಧನಾ ಕೇಂದ್ರದ ಪ್ರಾದೇಶಿಕ ಕೇಂದ್ರವೊಂದು ಆ ಏಜೆನ್ಸಿಯ ಆರ್.ವಿ. ನಗರದಲ್ಲೇ ಇದೆ. ನಂಟು ಆಗಲೇ ಬೆಳೆದಿದೆ, ಅದನ್ನು ಗಟ್ಟಿ ಮಾಡುವ ಕೈಗಳು ಬೇಕು.

ಕಾಫಿ ಬೆಳೆದವರ ಮಕ್ಕಳೇ, ನಿಮಗೆ ಗೊತ್ತು: ಸಸಿ ನೆಟ್ಟರೆ ಫಸಲಿಗೆ ಮೂರು–ನಾಲ್ಕು ವರ್ಷ ಕಾಯಬೇಕು. ಹೂಮಳೆ ಹೊತ್ತಿಗೆ ಸರಿಯಾಗಿ ಬೀಳಬೇಕು, ಮರಗಸಿ ಆಗಬೇಕು, ಬಿಳಿ ಕಾಂಡಕೊರಕದ ಮೇಲೆ ಕಣ್ಣಿಡಬೇಕು, ಹಣ್ಣನ್ನಷ್ಟೇ ಆರಿಸಿ ಕೊಯ್ದು ತಡಮಾಡದೆ ಪಲ್ಪಿಂಗ್ ಮಾಡಬೇಕು, ಕಣದಲ್ಲಿ ತಿರುವಿ ಹಾಕುತ್ತ ಒಣಗಿಸಬೇಕು. ಆ ಮೂರು–ನಾಲ್ಕು ವರ್ಷ ಮನೆಯ ಒಲೆ ಉರಿಯುವುದು ಹೇಗೆ? ದಳ್ಳಾಳಿ ಗೆಲ್ಲುವುದು ಆ ಅಂತರದಲ್ಲೇ. ರಾಜ್ಮಾ, ಅರಿಸಿನ, ಕೋಳಿ, ಕೂಲಿ, ಬಡ್ಡಿ ಕಡಿಮೆಯ ಸಾಲ, ಇವುಗಳಿಂದ ಆ ಅಂತರ ತುಂಬಿದರೆ ಅವನು ಸೋಲುತ್ತಾನೆ.

ಆದ್ದರಿಂದ ಕೇಳುತ್ತಿದ್ದೇನೆ. ಕೃಷಿ ಓದುತ್ತಿರುವವರೇ, ನಿಮ್ಮ ಕ್ಷೇತ್ರ ಅಧ್ಯಯನಕ್ಕೆ ಏಜೆನ್ಸಿಯ ಪಾಡೇರು, ಕೋರಾಪುಟ್‌ಗಳ ಬೆಟ್ಟವನ್ನು ಆರಿಸಿಕೊಳ್ಳಿ. ವಾಣಿಜ್ಯ ಓದಿದವರೇ, ರೈತ ಸಂಘವೊಂದರ ಲೆಕ್ಕಪುಸ್ತಕವನ್ನು ಸರಿಯಾಗಿ ಬರೆಯಲು ಕಲಿಸಿ. ಪೈಸೆ ಪೈಸೆಯ ಲೆಕ್ಕ ರೈತನಿಗೆ ಕಾಣುವ ಕಡೆ ದಳ್ಳಾಳಿಯ ಆಟ ನಡೆಯದು. ವೈದ್ಯರಾಗುವವರೇ, ವ್ಯಸನಕ್ಕೆ ಚಿಕಿತ್ಸೆ ಕೊಡುವುದನ್ನು ಕಲಿಯಿರಿ, ದೋಯಿ ತುಂಗ್ ಶುರುವಾಗಿದ್ದು ಅಲ್ಲಿಂದಲೇ. ಕಾಫಿ ರುಚಿ ಪರೀಕ್ಷಿಸಬಲ್ಲವರೇ, ಹುರಿಯಬಲ್ಲವರೇ, ಅಂಗಡಿ ನಡೆಸುವವರೇ, ಆ ಬೆಟ್ಟದ ಬೀಜವನ್ನು ನ್ಯಾಯವಾದ ಬೆಲೆಗೆ ವರ್ಷ ವರ್ಷವೂ ಕೊಳ್ಳುವ ಮಾತು ಕೊಡಿ, ಕೊಟ್ಟ ಮಾತು ಉಳಿಸಿಕೊಳ್ಳಿ. ಅಲ್ಲಿಗೆ ಹೋಗುವವರು ತೆಲುಗು, ಒಡಿಯಾ, ಕುವಿ ನುಡಿಗಳನ್ನು ಕಲಿತು ಹೋಗಿ. ಬುದ್ಧಿ ಹೇಳುವ ಮುನ್ನ ಅವರ ಮಾತು ಕೇಳಿ.

ಫೋಟೊ ತೆಗೆದು ಮರಳುವ ಕೆಲಸ ಇದಲ್ಲ. ಥಾಯ್ಲೆಂಡಿಗೆ ಒಂದು ತಲೆಮಾರು ಹಿಡಿಯಿತು. ನಿಮ್ಮ ಮುಂದೆ ಒಂದು ತಲೆಮಾರಿನಷ್ಟು ಆಯುಷ್ಯವಿದೆ, ಅದರ ಕೆಲವು ವರ್ಷಗಳನ್ನು ಈ ಬೆಟ್ಟಗಳಿಗೆ ಕೊಡಿ. ಲಾಠಿ ಹಿಡಿದು ಕೀಳಲು ಸರ್ಕಾರಗಳ ಬಳಿ ಜನರಿದ್ದಾರೆ. ಕಿತ್ತ ಜಾಗದಲ್ಲಿ ನೆಟ್ಟು, ಫಸಲು ಬರುವವರೆಗೆ ರೈತನ ಪಕ್ಕ ನಿಲ್ಲಲು ನೀವು ಬೇಕು. ಮುಂದಿನ ನೆಡುವ ಹಂಗಾಮಿಗೆ ಹೊರಡಿ, ನಾಲ್ವರನ್ನು ಜೊತೆಗೆ ಕರೆದುಕೊಂಡು ಹೊರಡಿ!