ಸಂಬಳದ ಆಚೆಗಿನ ತೃಪ್ತಿ



ಹೆಣ್ಣು ಕೊಡುವ ಮಾತು ಬಂದಾಗ ನಮ್ಮ ಅನೇಕ ಮನೆಗಳಲ್ಲಿ ಹಿರಿಯರು ಈಗಲೂ ಮೊದಲು ಕೇಳುವುದು, ಹುಡುಗನದು ಸರ್ಕಾರಿ ನೌಕರಿಯೇ ಎಂದು. ಆ ಪ್ರಶ್ನೆಯ ಹಿಂದಿರುವುದು ಪಿಂಚಣಿಯ ಧೈರ್ಯ. ಆದರೆ ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸೇವೆಗೆ ಸೇರಿದವರಿಗೆ ಬಂದದ್ದು, ಸಂಬಳದಿಂದ ವಂತಿಗೆ ಕಟ್ಟುವ ಹೊಸ ಪಿಂಚಣಿ ಯೋಜನೆ. ಸರ್ಕಾರಿ ಕಚೇರಿಯಲ್ಲೇ, ಕಾಯಂ ಗುಮಾಸ್ತರ ಪಕ್ಕದ ಕುರ್ಚಿಯಲ್ಲಿ, ಹೊರಗುತ್ತಿಗೆಯ ಕಂಪ್ಯೂಟರ್ ಆಪರೇಟರ್ ಕೂತಿರುತ್ತಾರೆ. ಸರ್ಕಾರಿ, ಖಾಸಗಿ ಎಂಬ ಗೆರೆ ನಾವು ಅಂದುಕೊಂಡಷ್ಟು ದಪ್ಪಗಿಲ್ಲ.

ಹಾಗಾದರೆ ಕೆಲಸದಲ್ಲಿ ತೃಪ್ತಿ ಎಲ್ಲಿಂದ ಬರುತ್ತದೆ? ಅಮೆರಿಕದ ಮನೋವಿಜ್ಞಾನಿ ಫ್ರೆಡರಿಕ್ ಹರ್ಜ್‌ಬರ್ಗ್ ಪಿಟ್ಸ್‌ಬರ್ಗ್‌ನ ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಮಾತಾಡಿಸಿ, 1959ರಲ್ಲಿ ಒಂದು ಪುಸ್ತಕ ತಂದರು. ಅದರ ಪ್ರಕಾರ, ಸಂಬಳ, ನಿಯಮ, ಮೇಲಧಿಕಾರಿಯ ವರ್ತನೆ ಕೆಟ್ಟರೆ ಮನಸ್ಸು ಕೆಡುತ್ತದೆ. ಸರಿಯಿದ್ದರೆ ಬೇಸರ ತಪ್ಪುತ್ತದೆ, ಅಷ್ಟೆ. ತೃಪ್ತಿ ಬರುವುದು ಬೇರೆ ಕಡೆಯಿಂದ: ಮಾಡಿದ ಕೆಲಸ ಕೈಗೂಡಿದ್ದು, ಅದನ್ನು ಯಾರಾದರೂ ಗುರುತಿಸಿದ್ದು, ನಂಬಿ ಹೊಣೆ ಒಪ್ಪಿಸಿದ್ದು. ಈ ಮಾತನ್ನು ಆಮೇಲೆ ಹಲವರು ಪ್ರಶ್ನಿಸಿದರೂ ನನಗೆ ಇದರಲ್ಲಿ ಸತ್ಯ ಕಾಣುತ್ತದೆ.

ಅಜ್ಜಿಯೊಬ್ಬರ ಸಂಧ್ಯಾ ಸುರಕ್ಷಾ ಪಿಂಚಣಿಯ ಅರ್ಜಿಯನ್ನು ಅಲೆದಾಡಿಸದೆ ಮುಗಿಸಿಕೊಟ್ಟ ಗ್ರಾಮ ಆಡಳಿತಾಧಿಕಾರಿಗೆ ಆ ಸಂತೋಷ ಗೊತ್ತು. ಗಾರ್ಮೆಂಟ್ಸ್‌ನಲ್ಲಿ ಗಂಟೆಗಂಟೆಗೂ ಟಾರ್ಗೆಟ್ ಎಣಿಸಿಕೊಳ್ಳುವ ಹೆಣ್ಣುಮಗಳಿಗೆ ತಾನು ಹೊಲಿದ ಅಂಗಿ ಪೂರ್ತಿಯಾದದ್ದೂ ಕಾಣುವುದಿಲ್ಲ, ತೋಳೊಂದೇ, ಕಾಲರೊಂದೇ. ಅವಳಿಗೆ ಮೊದಲು ಸಿಗಬೇಕಾದದ್ದು ನ್ಯಾಯವಾದ ಕೂಲಿ. ಜೊತೆಗೆ, ಬೈಗುಳವಿಲ್ಲದ ಒಂದು ದಿನ.

ನಿಮ್ಮ ಕೈಕೆಳಗೆ ಯಾರಾದರೂ ದುಡಿಯುತ್ತಿದ್ದರೆ, ಅವರು ಚೆನ್ನಾಗಿ ಮಾಡಿದ ಒಂದು ಕೆಲಸವನ್ನು ಇವತ್ತೇ ಹೆಸರಿಸಿ ಹೇಳಿ.