ಅಳುವವರ ಪಕ್ಕ ಕೂರೋ ಕೆಲಸದಲ್ಲಿ ಸಂತೋಷ ಎಲ್ಲಿಂದ ಬರುತ್ತೆ?



ಇವತ್ತು ಒಂದು ಪದದಿಂದ ಶುರು ಮಾಡ್ತೀನಿ. ಚಾಪ್ಲೇನ್. ಚಾರ್ಲಿ ಚಾಪ್ಲಿನ್ ಅಲ್ಲ ಮತ್ತೆ! ಆಸ್ಪತ್ರೆ, ಜೈಲು, ಸೇನೆ, ಇಂಥ ಕಡೆ ಇದ್ದುಕೊಂಡು ಅಲ್ಲಿಯವರ ಆತ್ಮಿಕ ಆರೈಕೆ ನೋಡಿಕೊಳ್ಳುವ ಪಾದ್ರಿಗಳನ್ನ ಹಾಗೆ ಕರೀತಾರೆ. ಚರ್ಚಿನ ಸಭಾಪಾಲಕರ ಹತ್ತಿರ ಜನ ಬರ್ತಾರೆ. ಚಾಪ್ಲೇನ್ ಆದವರು ಜನ ಇರೋ ಕಡೆಗೆ ತಾವೇ ಹೋಗ್ತಾರೆ.

ಮೂರು ವರ್ಷದ ಹಿಂದೆ ನಮ್ಮ ದೊಡ್ಡಮ್ಮ ಕ್ಯಾನ್ಸರ್ ಆಗಿ ಆಸ್ಪತ್ರೆಯಲ್ಲಿದ್ದರು. ದಿನಾ ಮಧ್ಯಾಹ್ನ ವಯಸ್ಸಾದ ಚಾಪ್ಲೇನ್ ಒಬ್ಬರು ಬರೋರು. ಸ್ಟೂಲ್ ಎಳೆದುಕೊಂಡು ಹತ್ತು ನಿಮಿಷ ಕೂರೋರು. ದೊಡ್ಡಮ್ಮ ಕೇಳಿದರೆ ಪ್ರಾರ್ಥನೆ, ಇಲ್ಲಾಂದ್ರೆ ಊರಿನ ಮಳೆ, ಅಡಿಕೆ ರೇಟು, ಅಷ್ಟೇ. ಒಂದು ದಿನ ಕಾರಿಡಾರಿನಲ್ಲಿ ತಡೆದು ಕೇಳೇಬಿಟ್ಟೆ. "ಪಾಸ್ಟರ್, ದಿನಾ ಇದನ್ನೇ ನೋಡ್ತೀರಲ್ಲ, ನಿಮಗೆ ಸಾಕಾಗಲ್ವಾ?" ಅವರು, "ಬೇಜಾರಾಗುತ್ತಮ್ಮ. ಎಷ್ಟೋ ರಾತ್ರಿ ನಿದ್ದೆ ಬರಲ್ಲ. ಆದ್ರೂ ಬೆಳಿಗ್ಗೆ ಎದ್ದರೆ ಇಲ್ಲಿಗೇ ಬರಬೇಕು ಅನ್ಸುತ್ತೆ" ಅಂದರು.

ನಾನು ಬಿ.ಕಾಂ ಓದಿದವಳು, ಸಂಡೇ ಸ್ಕೂಲಿನಲ್ಲಿ ಬೆಳೆದವಳು. ನನ್ನ ತಲೆಯಲ್ಲಿ ಭಕ್ತಿಗೂ ಒಂದು ಲೆಡ್ಜರ್ ಇತ್ತು. ಈ ಕಡೆ ಪ್ರಾರ್ಥನೆ, ಉಪವಾಸ, ಕಾಣಿಕೆ. ಆ ಕಡೆ ಆರೋಗ್ಯ, ಕೆಲಸ, ಸಂತೋಷ. ದೊಡ್ಡಮ್ಮ ತೀರಿಕೊಂಡಾಗ ಆ ಲೆಕ್ಕ ಟ್ಯಾಲಿ ಆಗಲಿಲ್ಲ. ಸುಮಾರು ಒಂದು ವರ್ಷ ನಾನು ಚರ್ಚಿನ ಕಡೆ ತಲೆ ಹಾಕಲಿಲ್ಲ. ಆದರೆ ಆ ಪಾಸ್ಟರ್ ಮಾತು ಮಾತ್ರ ಬಿಡಲಿಲ್ಲ. ಚಾಪ್ಲೇನ್‌ಗಳ ಬಗ್ಗೆ ಓದೋಕೆ ಶುರು ಮಾಡಿದೆ. ಹಾಗೆ ಸಿಕ್ಕಿದವರು ಹೆನ್ರಿ ಗೆರಿಕೆ.

ಗೆರಿಕೆ ಅಮೆರಿಕದ ಮಿಸೌರಿಯವರು. 1893ರಲ್ಲಿ ಹುಟ್ಟಿದವರು, ಲೂಥರನ್ ಪಾದ್ರಿ. ಸೇಂಟ್ ಲೂಯಿಸ್ ನಗರದಲ್ಲಿ ಬಡವರು, ರೋಗಿಗಳು, ಕೈದಿಗಳ ನಡುವೆ ಕೆಲಸ ಮಾಡ್ತಿದ್ದರು. 1943ರಲ್ಲಿ, ಐವತ್ತರ ವಯಸ್ಸಿನಲ್ಲಿ, ಸೇನೆಯ ಚಾಪ್ಲೇನ್ ಆದರು. ಅವರ ಗಂಡುಮಕ್ಕಳೂ ಆ ಯುದ್ಧದಲ್ಲಿ ಸೈನಿಕರಾಗಿದ್ದರು. ಯುದ್ಧ ಮುಗಿದ ಮೇಲೆ ಡಖಾವ್ ಯಾತನಾ ಶಿಬಿರವನ್ನು ಗೆರಿಕೆ ಕಣ್ಣಾರೆ ನೋಡಿದರು.

ಆಮೇಲೆ ಬಂತು ನೋಡಿ ಕರೆ. ನ್ಯೂರೆಂಬರ್ಗ್ ಜೈಲಿನಲ್ಲಿ ವಿಚಾರಣೆಗೆ ಕಾಯ್ತಿದ್ದ ನಾಜಿ ನಾಯಕರಿಗೆ ಚಾಪ್ಲೇನ್ ಆಗ್ತೀರಾ ಅಂತ ಕೇಳಿದರು. ಅವರಿಗೆ ಜರ್ಮನ್ ಭಾಷೆ ಬರ್ತಿತ್ತು, ಜೈಲಿನ ಅನುಭವ ಇತ್ತು. ಒಲ್ಲೆ ಅಂದಿದ್ದರೆ ಮನೆಗೆ ಹೋಗಬಹುದಿತ್ತು. ಒಪ್ಪಿಕೊಂಡರು. ಕ್ಯಾಥೊಲಿಕ್ ಕೈದಿಗಳನ್ನು ಫಾದರ್ ಸಿಕ್ಸ್ಟಸ್ ಓಕಾನರ್ ನೋಡಿಕೊಂಡರೆ, ಪ್ರಾಟೆಸ್ಟೆಂಟರ ಜವಾಬ್ದಾರಿ ಗೆರಿಕೆಯವರದು. ಒಬ್ಬೊಬ್ಬರ ಕೋಣೆಗೂ ಹೋಗಿ ಕೈಕುಲುಕಿ ಮಾತಾಡಿಸಿದರು. ಅದಕ್ಕೇ ಬೈಸಿಕೊಂಡರು ಕೂಡ.

ಅಂದಮಾತ್ರಕ್ಕೆ ಅವರು ಎಲ್ಲರಿಗೂ ಸುಲಭವಾಗಿ ಕ್ಷಮೆ ಹಂಚಿಕೊಂಡು ಹೋದರು ಅಂದ್ಕೋಬೇಡಿ. ಪಶ್ಚಾತ್ತಾಪ ಪಟ್ಟಿದ್ದಾರೆ ಅಂತ ಮನವರಿಕೆ ಆದವರಿಗೆ ಮಾತ್ರ ಪ್ರಭುಭೋಜನ ಕೊಟ್ಟರು. ಹರ್ಮನ್ ಗೋರಿಂಗ್ ಕೊನೆ ರಾತ್ರಿ ಕೇಳಿದಾಗ, ನಂಬಿಕೆ ಇಲ್ಲದೆ ಕೇಳ್ತಿದ್ದಾನೆ ಅಂತ ನಿರಾಕರಿಸಿದರು. ಗೋರಿಂಗ್ ಅದೇ ರಾತ್ರಿ ವಿಷ ತಗೊಂಡು ಸತ್ತ. ಶಿಕ್ಷೆ ಕೊಡೋದು ನ್ಯಾಯಾಲಯದ ಕೆಲಸ, ಅದು ನಡೀತು. ಶಿಕ್ಷೆಗೆ ಒಳಗಾದ ಮನುಷ್ಯನ ಜೊತೆ ನಡೆಯೋದು ಇವರ ಕೆಲಸವಾಗಿತ್ತು.

1946ರಲ್ಲಿ ಗೆರಿಕೆ ಊರಿಗೆ ಹೋಗ್ತಾರಂತೆ ಅನ್ನೋ ಸುದ್ದಿ ಹಬ್ಬಿತು. ಆಗ ಕೈದಿಗಳೆಲ್ಲ ಸೇರಿ ಅವರ ಹೆಂಡತಿ ಆಲ್ಮಾಗೆ ಪತ್ರ ಬರೆದರು, ದಯವಿಟ್ಟು ಅವರನ್ನ ಇಲ್ಲೇ ಇರೋಕೆ ಬಿಡಿ ಅಂತ. ಆ ಹೆಣ್ಣುಮಗಳು ವರ್ಷಗಳಿಂದ ಗಂಡನ ಮುಖ ನೋಡಿರಲಿಲ್ಲ. ಆದರೂ ಇರಿ ಅಂದರು. ಗೆರಿಕೆ ಉಳಿದರು. ಅಕ್ಟೋಬರ್ 16ರ ನಸುಕಿನಲ್ಲಿ ಹತ್ತು ಜನರನ್ನು ಗಲ್ಲಿಗೇರಿಸಿದಾಗ, ತಮ್ಮವರ ಜೊತೆ ಮೆಟ್ಟಿಲ ತನಕ ನಡೆದರು.

ಆ ರಾತ್ರಿ ಅವರು ಸಂತೋಷವಾಗಿದ್ದರು ಅಂತ ನಾನು ಖಂಡಿತ ಹೇಳಲ್ಲ. ನನ್ನ ಗಮನ ಸೆಳೆದಿದ್ದು ಆಮೇಲಿನ ಕಥೆ. ಅಷ್ಟೆಲ್ಲ ನೋಡಿದ ಮನುಷ್ಯ ಇನ್ನು ಸಾಕಪ್ಪ ಅಂತ ಕೂರಬಹುದಿತ್ತು. ಕೂರಲಿಲ್ಲ. ಇಲಿನಾಯ್ ರಾಜ್ಯದ ಮೆನಾರ್ಡ್ ಜೈಲಿನಲ್ಲಿ ಮತ್ತೆ ಚಾಪ್ಲೇನ್ ಆದರು. 1961ರಲ್ಲಿ ತೀರಿಕೊಳ್ಳೋ ತನಕ ಕೈದಿಗಳ ಜೊತೆನೇ ಇದ್ದರು. "ಬೆಳಿಗ್ಗೆ ಎದ್ದರೆ ಇಲ್ಲಿಗೇ ಬರಬೇಕು ಅನ್ಸುತ್ತೆ" ಅನ್ನೋ ಮಾತು ನನಗೆ ಆಗ ಅರ್ಥವಾಯ್ತು.

ಶಿಷ್ಯತ್ವ ಅಂದರೆ ಏನು? ಗುರು ಎಲ್ಲಿ ಹೋಗ್ತಾನೋ ಅಲ್ಲಿ ಹೋಗೋದು. ಸೆರೆಯಲ್ಲಿದ್ದವರನ್ನು ನೋಡೋಕೆ ಹೋದರೆ ನನ್ನನ್ನೇ ನೋಡಿದ ಹಾಗೆ ಅನ್ನೋ ಅರ್ಥದ ಮಾತು ಮತ್ತಾಯನ ಸುವಾರ್ತೆಯಲ್ಲಿದೆ. ಆ ಕೈದಿ ನಿರಪರಾಧಿ ಆಗಿರಬೇಕು ಅನ್ನೋ ಷರತ್ತು ಅಲ್ಲಿಲ್ಲ. ಯೇಸು ಶಿಷ್ಯರಿಗೆ ಸಂತೋಷದ ಬಗ್ಗೆ ಹೇಳಿದ್ದು ಶಿಲುಬೆಯ ಹಿಂದಿನ ರಾತ್ರಿ. ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಆನಂದ ಅನ್ನೋದು ಮತ್ತೆ ಮತ್ತೆ ಬರುತ್ತೆ, ಅವನು ಬರೆದಿದ್ದು ಬೇಡಿ ಹಾಕಿಸಿಕೊಂಡು. ಅಂದರೆ ಈ ಸಂತೋಷಕ್ಕೂ ಒಳ್ಳೆ ದಿನಗಳಿಗೂ ಸಂಬಂಧ ಇಲ್ಲ. ನಾನು ಇರಬೇಕಾದ ಕಡೆ ಇದ್ದೀನಿ, ಒಬ್ಬನೇ ಇಲ್ಲ, ಅನ್ನೋ ಭರವಸೆಯಿಂದ ಬರುತ್ತೆ.

ನಾನೀಗ ಮತ್ತೆ ಚರ್ಚಿಗೆ ಹೋಗ್ತೀನಿ. ದೊಡ್ಡಮ್ಮ ಯಾಕೆ ಹೋದರು ಅನ್ನೋದಕ್ಕೆ ಉತ್ತರ ಸಿಕ್ಕಿಲ್ಲ. ಲೆಡ್ಜರ್ ಮಾತ್ರ ಮುಚ್ಚಿಟ್ಟಿದ್ದೀನಿ. ತಿಂಗಳಿಗೆ ಎರಡು ಶನಿವಾರ ಅದೇ ವಾರ್ಡಿಗೆ ಹೋಗ್ತೀನಿ. ಮೊದಲ ದಿನ ಏನು ಮಾತಾಡಬೇಕು ಅಂತ ಗೊತ್ತಾಗದೆ ಬೆವರಿದ್ದೆ. ಪಾಸ್ಟರ್ ಹೇಳಿಕೊಟ್ಟಿದ್ದು ಇಷ್ಟೇ: ನಿಂತು ಮಾತಾಡಬೇಡ, ಕೂತ್ಕೋ. ಉಪದೇಶ ಮಾಡಬೇಡ, ಕೇಳಿಸ್ಕೋ. ಅವರು ಬೇಡ ಅಂದರೆ ಎದ್ದು ಬಾ.

ನಿಮ್ಮ ಧರ್ಮ ಯಾವುದೇ ಇರಲಿ, ನಿಮಗೆ ಗೊತ್ತಿರೋರು ಯಾರಾದ್ರೂ ಆಸ್ಪತ್ರೆಯಲ್ಲಿದ್ದರೆ ಈ ವಾರ ಹತ್ತು ನಿಮಿಷ ಹೋಗಿ ಕೂತು ಬನ್ನಿ. ಹೇಗಿತ್ತು ಅಂತ ನನಗೆ ತಿಳಿಸಿ.